ಮಳೆಮರದ ತೊಟ್ಟಿಲು

ನಮ್ಮ ಶೆಡ್ಡಿಗೆ ಬಂದವರು ಮೊದಲು ಕೇಳುವ ಮಾತು ಒಂದೇ: ‘ಇದ್ಯಾವ ಮರ?’ ಕೇಳಲಿ, ತಪ್ಪೇನಿಲ್ಲ. ಆದರೆ ಕೇಳುವಾಗಲೇ ಅವರಿಗೆ ಬೇಕಾದ ಉತ್ತರ ಮುಖದ ಮೇಲೆ ಕೂತಿರುತ್ತದೆ. ತೇಗ ಅನ್ನಬೇಕು. ಪೈನು ಅಂದರೆ ಮುಖ ಸಪ್ಪಗಾಗುತ್ತದೆ, ನೀಲಗಿರಿ ಅಂದರೆ ಇನ್ನೂ ಸಪ್ಪಗೆ, ಮಾವು ಅಂದರೆ ‘ಅಯ್ಯೋ, ಸೌದೆನಾ’ ಅಂತಾರೆ. ಕೆ.ಆರ್. ಪೇಟೆಯಿಂದ ಬಂದ ಒಬ್ಬರಂತೂ ನಾನು ಮಾಡಿದ ಟೀಪಾಯಿಯನ್ನು ಸವರಿ ಸವರಿ, ‘ತೇಗ ಅಂತ ಒಂದು ಮಾತು ಹೇಳಿಬಿಡಿ ಅಮ್ಮ, ನೆಂಟರಿಗೆ ಹೇಳೋಕೆ ಬೇಕು’ ಅಂದರು. ‘ನಿಮ್ಮ ನೆಂಟರಿಗೆ ನೀವೇ ಸುಳ್ಳು ಹೇಳ್ಕಳಿ, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?’ ಅಂದೆ. ಟೀಪಾಯಿ ಬಿಟ್ಟು ಹೋದರು. ಹೋಗಲಿ ಬಿಡಿ. ಅದು ಈಗ ನಮ್ಮನೆಯಲ್ಲೇ ಇದೆ, ಸಂಜೆ ಅದರ ಮೇಲೆ ಕಾಲು ಚಾಚಿಕೊಂಡು ಕಾಫಿ ಕುಡೀತೀನಿ.

ನಮ್ಮದು ಪಾಲಹಳ್ಳಿ. ಒಂದಿಷ್ಟು ಗದ್ದೆ, ಹಾಲು ಕರೆಯೋ ಹಸು, ಶ್ರೀರಂಗಪಟ್ಟಣದ ರಸ್ತೆ ಬದಿಗೆ ಒಂದು ತಗಡಿನ ಶೆಡ್ಡು. ಕಾರ್ಖಾನೆಗಳಿಗೆ ಮಿಷಿನ್ನು, ಸಾಮಾನು ಹೊತ್ತು ಬರುತ್ತಾವಲ್ಲ ಪ್ಯಾಲೆಟ್ಟುಗಳು, ಕೆಳಗೆ ದಿಮ್ಮಿ ಕೊಟ್ಟು ಮೇಲೆ ಹಲಗೆ ಹೊಡೆದ ಅಡ್ಡಮಣೆಗಳು, ಸಾಮಾನು ಇಳಿಸಿದ ಮೇಲೆ ಅವು ಯಾರಿಗೂ ಬೇಡ. ನಮ್ಮ ಯಜಮಾನರು ಅವನ್ನು ಟೆಂಪೊದಲ್ಲಿ ತುಂಬಿಕೊಂಡು ಬರ್ತಾರೆ. ಸಣ್ಣ ಹಾರೆ ಹಾಕಿ ಮೊಳೆ ಎಬ್ಬಿಸೋದು, ಹಲಗೆ ಬಿಡಿಸೋದು, ಮರ ಯಾವುದು ಅಂತ ನೋಡಿ ಬೇರೆ ಬೇರೆ ಒಟ್ಟೋದು, ತೋಪಡ ಹೊಡೆದು ನುಣುಪು ಮಾಡಿ ಸಾಮಾನು ಕಟ್ಟೋದು ನನ್ನ ಕೆಲಸ. ಹೆಂಗಸು ತೋಪಡ ಹಿಡಿದಳು ಅಂತ ಊರಲ್ಲಿ ಕೆಲವು ದಿನ ನಕ್ಕರು. ಆಮೇಲೆ ಅವರ ಮನೆ ಮಂಚದ ಕಾಲು ಮುರಿದಾಗ ನನ್ನ ಹತ್ತಿರವೇ ಬಂದರು.

ಮರ ಗುರುತು ಹಿಡಿಯೋದು ಕಲಿಸಿದವರು ಗಂಜಾಂನ ಒಬ್ಬ ಸಾಬರು. ಮೊದಲು ಮರಗೆಲಸ ಮಾಡ್ತಿದ್ದರು, ಈಗ ವಯಸ್ಸಾಗಿದೆ. ಬಾಯಿ ಬಲು ಜೋರು. ಬಣ್ಣ ನೋಡಿ ಹೆಸರು ಹೇಳಿದರೆ ಸಾಕು, ಕೈಗೆ ರಪ್ ಅಂತ ಉಪ್ಪುಕಾಗದದಲ್ಲಿ ಹೊಡೆಯೋರು. ‘ಬಣ್ಣ ಧೋಕಾ ಮಾಡ್ತದೆ ಬೇಟಿ, ತುದಿ ಕುಯ್ದು ನೋಡು’ ಅನ್ನೋರು. ಹಲಗೆಯ ತುದಿಯನ್ನು ಉಳಿಯಿಂದ ತೆಳ್ಳಗೆ ಕೆತ್ತಿ, ಎಂಜಲು ಹಚ್ಚಿ, ಬೆಳಕಿಗೆ ಹಿಡಿದರೆ ಒಳಗಿನ ತೂತುಗಳು ಕಾಣುತ್ತವೆ. ದೊಡ್ಡವೋ ಚಿಕ್ಕವೋ, ಸಾಲಾಗಿವೆಯೋ ಚೆಲ್ಲಾಡಿವೆಯೋ ನೋಡಬೇಕು. ಆಮೇಲೆ ಮೂಸಬೇಕು. ಪೈನು ಅಂಟಿನ ವಾಸನೆ, ತೇಗ ಚರ್ಮದ ವಾಸನೆ, ಮುಟ್ಟಿದರೆ ಎಣ್ಣೆ ಜಿಡ್ಡು. ನಾಲಿಗೆಗೆ ತಾಗಿಸಿದರೆ ಬೇವು ಕಹಿ. ಕೈಯಲ್ಲಿ ತೂಗಿ ನೋಡಬೇಕು, ಮೊಳೆ ಹೊಡೆದು ನೋಡಬೇಕು. ಇಷ್ಟೆಲ್ಲ ಆದ ಮೇಲೆ ಹೆಸರು ಹೇಳಬೇಕು. ಪರದೇಶದ ಪ್ಯಾಲೆಟ್ಟಿನ ಮೇಲೆ ‘ಎಂಬಿ’ ಅಂತ ಇಂಗ್ಲಿಷ್ ಅಕ್ಷರದ ಸೀಲು ಇದ್ದರೆ ಅದು ವಿಷದ ಗಾಳಿ ಹಾಕಿದ ಮರ. ಅದನ್ನು ನಾನು ಟೆಂಪೊದಿಂದ ಇಳಿಸಲೂ ಬಿಡಲ್ಲ, ಬಚ್ಚಲ ಒಲೆಗೂ ಹಾಕಲ್ಲ.

ಇದೇ ಕಸುಬು ನನ್ನ ಮಗಳಿಗೆ ಮುಳ್ಳಾಯಿತು ನೋಡಿ. ಅವಳನ್ನು ಕೊಟ್ಟಿದ್ದು ನಾಗಮಂಗಲದಾಚೆಯ ಒಂದು ಊರಿಗೆ. ಒಳ್ಳೆಯ ಮನೆ, ಅಳಿಯ ಚಿನ್ನದಂಥವನು. ಆದರೆ ಅವನ ಅವ್ವ, ನಮ್ಮ ಬೀಗಿತ್ತಿ, ಮದುವೆಯಾದ ಹೊಸದರಲ್ಲೇ ನಮ್ಮ ಶೆಡ್ಡು ನೋಡಿಕೊಂಡು ಹೋಗಿ, ಅವರೂರಿನ ಹೆಂಗಸರ ಮುಂದೆ ‘ಗುಜರಿಯವ್ರ ಮಗಳನ್ನ ತಂದ್ಕೊಂಡಿವಿ’ ಅಂದಿದ್ದರಂತೆ. ಮಗಳು ಅದನ್ನು ನನಗೆ ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಗುಜರಿಯಂತೆ! ಅವಳನ್ನು ಓದಿಸಿದ್ದು, ಮೈಮೇಲೆ ಒಡವೆ ಹಾಕಿದ್ದು ಅದೇ ಗುಜರಿ. ಆದರೂ ಮಗಳ ಸಂಸಾರ ಅಂತ ಬಾಯಿ ಕಚ್ಚಿಕೊಂಡೆ.

ಹೆರಿಗೆಗೆ ಮಗಳು ನಮ್ಮನೆಗೆ ಬಂದಳು. ಹೆಣ್ಣು ಮಗು, ದುಂಡು ದುಂಡಗೆ. ನಮ್ಮ ಕಡೆ ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನಿಂದ ಹೋಗಬೇಕು. ಬಾಣಂತಿ ಗಂಡನ ಮನೆಗೆ ತಿರುಗಿ ಹೋಗುವ ದಿನ ತೊಟ್ಟಿಲೂ ಜೊತೆಗೆ ಹೋಗುತ್ತದೆ, ಅಲ್ಲಿ ನೆಂಟರಿಷ್ಟರ ಮುಂದೆ ಕೂಸನ್ನು ಅದರಲ್ಲಿ ಹಾಕಿ ಹೆಸರಿಡ್ತಾರೆ. ಯಜಮಾನರು ಅಂಗಡಿಯಲ್ಲಿ ತೆಗೆದುಕೊಳ್ಳೋಣ ಅಂದರು. ‘ಮರದ ಕೆಲಸದವಳ ಮೊಮ್ಮಗಳಿಗೆ ಅಂಗಡಿ ತೊಟ್ಟಿಲಾ? ಸುಮ್ನಿರಿ’ ಅಂದೆ.

ಮರಕ್ಕಾಗಿ ಎಷ್ಟೋ ಲೋಡು ಕೆದಕಿದೆ. ಕೊನೆಗೆ ಇಲ್ಲೇ ನಮ್ಮ ಸೀಮೆಯ ಸಾಮಿಲ್ಲಿನಲ್ಲಿ ಕುಯ್ದ ಪ್ಯಾಲೆಟ್ಟುಗಳ ಒಂದು ಲೋಡಿನಲ್ಲಿ ಅಡಿಗೆ ಕೊಟ್ಟ ದಿಮ್ಮಿಗಳು ಕಣ್ಣಿಗೆ ಬಿದ್ದವು. ಸೀಲಿಲ್ಲ, ಗಾಳಿ ಇಲ್ಲ, ಔಷಧಿಯಿಲ್ಲ. ಒಂದು ತುದಿ ಕೆತ್ತಿ ನೋಡಿದೆ. ನಡುವಿನ ಗಟ್ಟಿ ತಿರುಳು, ಚೇಗು, ಕಂದು, ಕಾಫಿ ಬಣ್ಣ. ಸುತ್ತಲೂ ಬಿಳಿಮರ, ಎರಡರ ನಡುವೆ ಗೆರೆ ಎಳೆದ ಹಾಗೆ. ತೂತುಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಕೈಯಲ್ಲಿ ಹಗುರ. ಮಳೆಮರ! ಚಿಕ್ಕವರಿದ್ದಾಗ ರಸ್ತೆ ಬದಿಯಲ್ಲಿ ಸಾಲಾಗಿ ಇರ್ತಿದ್ದವಲ್ಲ, ಅದರ ಅಂಟಂಟು ಕಾಯಿ ಜಜ್ಜಿ ಉಂಡೆ ಕಟ್ಟಿ ಚೆಂಡು ಮಾಡಿಕೊಂಡು ಆಡ್ತಿದ್ದೆವು, ಅದೇ ಮರ. ರಸ್ತೆ ಅಗಲ ಮಾಡೋಕೆ ಕಡಿದು ಹಾಕಿದ್ದೋ ಏನೋ, ಯಾರಿಗೆ ಗೊತ್ತು. ಬಿಳಿಮರವನ್ನೆಲ್ಲ ಕುಯ್ದು ಹಾಕಿ ಚೇಗನ್ನು ಮಾತ್ರ ಉಳಿಸಿಕೊಂಡೆ, ಯಾಕೆಂದರೆ ಹುಳ ಬೀಳೋದು ಬಿಳಿಮರಕ್ಕೆ. ಸರಪಳಿ ಸಿಕ್ಕಿಸೋ ಮೇಲಿನ ಪಟ್ಟಿ ಇರುತ್ತದಲ್ಲ, ಆ ಮೇಲುಕಟ್ಟು ಮಾತ್ರ ಗಟ್ಟಿಯಾಗಿರಲಿ ಅಂತ ಕೆಲವು ಕಡೆ ಚೂರು ಬಿಳಿ ಉಳಿದ ಅಗಲದ ಪಟ್ಟಿಯನ್ನೇ ಹಾಕಿದೆ. ಒಂದೂ ಮೊಳೆಯಿಲ್ಲದೆ ಬೆಣೆ, ಗೂಡು ಕೂಡಿಸಿ ಕಟ್ಟಿ, ಅಗಸೆ ಎಣ್ಣೆ ತಿಕ್ಕಿದೆ. ಗಂಜಾಂನ ಸಾಬರು ಬಂದು ಸುತ್ತಲೂ ಬೆರಳು ಆಡಿಸಿ, ‘ಎಲ್ಲೂ ಬೈಯೋಕೇ ಜಾಗ ಬುಟ್ಟಿಲ್ವಲ್ಲ ಬೇಟಿ’ ಅಂತ ಬೇಜಾರು ಮಾಡಿಕೊಂಡರು.

ಬೀಗಿತ್ತಿ ಕೂಸು ನೋಡೋಕೆ ಅಂತ ಬಂದಾಗ ತೊಟ್ಟಿಲು ಅಂಗಳದಲ್ಲಿ ಎಣ್ಣೆ ಆರಿಸಿಕೊಳ್ತಿತ್ತು. ಕೂಸಿಗಿಂತ ಮೊದಲು ತೊಟ್ಟಿಲನ್ನೇ ನೋಡಿದರು. ಬಗ್ಗಿ, ಕಂದು ಚೇಗಿನ ಪಕ್ಕದಲ್ಲಿ ಉಳಿದಿದ್ದ ಬಿಳಿಯನ್ನು ಉಗುರಲ್ಲಿ ಕೆರೆದು, ಸರಕ್ಕನೆ ಕೈ ತೆಗೆದರು.

‘ಇದು ಉಣ್ಸೆಮರ ಅಲ್ವಾ!’

‘ಅಲ್ಲ ಕಣಕ್ಕ, ಮಳೆಮರ.’

‘ನಂಗೆ ಯೇಳ್ಬ್ಯಾಡಿ. ನಮ್ಮಟ್ಟಿ ಒನಕೆ ಇಂಗೇ ಅದೆ. ನಡ್ವೆ ಕಪ್ಗೆ, ಸುತ್ತ ಬೆಳ್ಗೆ. ಉಣ್ಸೆಮರದಾಗೆ ಏನಿರ್ತದೆ ಅಂತ ಗೊತ್ತಿಲ್ವಾ ನಿಮ್ಗೆ? ಅದ್ರಡಿ ಮಲಿಕ್ಕಂಡೋರೇ ನೆಟ್ಗಿರಲ್ಲ. ಅದ್ರಲ್ಲಿ ಕೂಸ್ ಮಲಗ್ಸ್ತೀರಾ?’

ನಮ್ಮ ಸೀಮೆಯಲ್ಲಿ ಹುಣಸೆಮರಕ್ಕೆ ದೆವ್ವ ಸೇರಿಕೊಂಡಿರುತ್ತದೆ ಅನ್ನೋ ಮಾತು ಇದೆ. ಒನಕೆಗೆ ಆಗುತ್ತದೆ, ಕುರಿ ಕಡಿಯೋ ಕೊರಡಿಗೆ ಆಗುತ್ತದೆ, ಕೂಸಿನ ತೊಟ್ಟಿಲಿಗೆ ಆಗಲ್ಲ. ಆ ಮಾತು ಸರಿಯೋ ತಪ್ಪೋ ನಾನು ಜಗಳಕ್ಕೆ ಹೋಗಲಿಲ್ಲ. ಮಾಡಿದ್ದೇ ಮಳೆಮರದಲ್ಲಿ ಅಂದ ಮೇಲೆ ಆ ಜಗಳ ನನಗೇಕೆ? ಶೆಡ್ಡಿನಲ್ಲಿದ್ದ ಒಂದು ಹುಣಸೆ ತುಂಡು ತಂದೆ, ತೊಟ್ಟಿಲಿಂದ ಮಿಕ್ಕಿದ ತುಂಡೂ ತಂದೆ. ಎರಡಕ್ಕೂ ಮೊಳೆ ಹೊಡೆದು ತೋರಿಸಿದೆ. ಒಂದರಲ್ಲಿ ಸಲೀಸಾಗಿ ಇಳಿಯಿತು, ಹುಣಸೆಯಲ್ಲಿ ಸೊಟ್ಟಗೆ ಬಗ್ಗಿತು. ಹಸು ನೀರು ಕುಡಿಯೋ ತೊಟ್ಟಿಗೆ ಎರಡನ್ನೂ ಎಸೆದೆ. ಹುಣಸೆ ಮುಕ್ಕಾಲು ಪಾಲು ಮುಳುಗಿಕೊಂಡು ಒದ್ದಾಡಿತು, ಮಳೆಮರ ಆರಾಮಾಗಿ ತೇಲಿತು.

‘ನೋಡಿದ್ರಾ?’ ಅಂದೆ.

ಬೀಗಿತ್ತಿ ತೊಟ್ಟಿಯನ್ನೇ ನೋಡುತ್ತಾ ನಿಂತರು. ‘ದೆವ್ವ ಇದ್ರೆ ತೇಲ್ದೆ ಇನ್ನೇನ್ ಮಾಡ್ತದೆ?’ ಅಂದರು.

ಇದಕ್ಕೇನು ಹೇಳ್ತೀರಿ! ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವರು ಕೂಸನ್ನು ಎತ್ತಿ ಮುದ್ದಾಡಿ, ಕೈಗೆ ಬಳೆ ಹಾಕಿ, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: ‘ತೊಟ್ಲು ತರಬ್ಯಾಡಿ. ನಮ್ಮನೇಲಿ ನಮ್ಮತ್ತೆ ಕಾಲದ ತ್ಯಾಗದ್ ಮರದ ತೊಟ್ಲದೆ. ನನ್ ಮಗನೂ ಅದ್ರಲ್ಲೇ ಬೆಳ್ದದ್ದು. ಕೂಸ್ನ ಕರ್ಕಂಬನ್ನಿ, ಸಾಕು.’

ಅವರು ಹೋದ ಮೇಲೆ ಮಗಳು ಗೋಡೆಗೆ ತಿರುಗಿ ಮಲಗಿಬಿಟ್ಟಳು. ‘ಅವ್ವ, ಬರಿಗೈಲಿ ಹೋದ್ರೆ ಅಷ್ಟೇ ನನ್ ಕತೆ. ಗುಜರಿಯವ್ರು ಒಂದ್ ತೊಟ್ಲೂ ಕೊಡ್ಲಿಲ್ಲ ಅಂತಾರೆ. ನಾಳೆ ಈ ಕೂಸು ದೊಡ್ಡದಾದ್ಮೇಲೂ ಅದೇ ಮಾತು ಕೇಳ್ಬೇಕು’ ಅಂದಳು. ಯಜಮಾನರು ಮೆತ್ತಗೆ ಬಂದು ಕೂತರು. ‘ಲೇ, ಕರ್ರಗೆ ಪಾಲಿಶ್ ಹೊಡ್ದು ತ್ಯಾಗ ಅಂದ್ಬುಡಣ. ಬೇರೆ ತೊಟ್ಲು ಅಂತಲೇ ಯೇಳಣ. ಯಾರ್ ಬಂದ್ ಕೆತ್ ನೋಡ್ತಾರೆ?’

‘ನಾ ನೋಡ್ತೀನಿ’ ಅಂದೆ. ‘ದಿನಾ ಯಾರ್ಯಾರಿಗೋ ಮುಖದ ಮೇಲೆ ಹೊಡ್ದಂಗೆ ನಿಜ ಹೇಳೋಳು, ನನ್ನ ಮೊಮ್ಮಗಳು ಮಲಗೋ ತೊಟ್ಲಿಗೆ ಸುಳ್ಳು ಹೆಸ್ರು ಹೇಳ್ಲಾ? ಮಳೆಮರ. ಮಳೆಮರ ಅಂತಲೇ ಹೋಗ್ತದೆ.’

ಹೋಗುವ ದಿನ ತೊಟ್ಟಿಲನ್ನು ಟೆಂಪೊಗೆ ಹಾಕಿ ಟಾರ್ಪಾಲು ಕಟ್ಟಿದೆ. ಯಜಮಾನರು ಪಾಂಡವಪುರ ದಾಟುವವರೆಗೂ ಬಾಯಿ ಬಿಡಲಿಲ್ಲ, ದಾಟಿದ ಮೇಲೆ ಬಿಟ್ಟವರು ನಾಗಮಂಗಲ ಬರುವವರೆಗೂ ಮುಚ್ಚಲಿಲ್ಲ. ನನ್ನ ಹಟಕ್ಕೆ ಮಗಳ ಸಂಸಾರ ಹಾಳಾಗ್ತದೆ ಅಂತ ಒಂದೇ ಸಮ. ನಾನು ಕಿಟಕಿ ಕಡೆ ನೋಡುತ್ತಾ ಕೂತೆ. ಭಯ ಇರಲಿಲ್ಲ ಅಂತಲ್ಲ. ಆದರೆ ಅದನ್ನು ಇವರಿಗೆ ಯಾಕೆ ತೋರಿಸಲಿ?

ಮನೆ ತುಂಬ ನೆಂಟರು. ಅಳಿಯ ಓಡಿಬಂದು ಕೂಸನ್ನು ಎತ್ತಿಕೊಂಡ. ಟಾರ್ಪಾಲು ನೋಡಿ ಮುಖ ಸಣ್ಣದು ಮಾಡಿ, ‘ಅತ್ತೆ, ಸದ್ಯ ಗಾಡೀಲೇ ಇರ್ಲಿ, ಅವ್ವಂಗೆ ನಾನು ನಿಧಾನಕ್ಕೆ ಹೇಳ್ತೀನಿ’ ಅಂದ. ಆಯಿತು ಅಂದೆ. ಒಳಗೆ ಹಜಾರದಲ್ಲಿ ತೊಲೆಯ ಕೊಂಡಿಗೆ ಆ ಹಳೇ ತೊಟ್ಟಿಲನ್ನು ನಾಲ್ಕು ಸರಪಳಿಯಲ್ಲಿ ತೂಗುಹಾಕಿದ್ದರು. ಅಟ್ಟದಿಂದ ಇಳಿಸಿ, ಹಸಿರು ಆಯಿಲ್ ಪೇಂಟು ಬಳಿದು, ಮಲ್ಲಿಗೆ ಹಾರ ಸುತ್ತಿದ್ದರು. ನೋಡೋಕೆ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಅದರ ಪಕ್ಕದ ಚಾಪೆಯಲ್ಲೇ ಕೂತೆ.

ಕೂತು ಕೂತು ಕಣ್ಣು ನೆಲಕ್ಕೆ ಹೋಯಿತು. ಕೆಂಪು ಗಾರೆ ನೆಲ, ಥಳಥಳ ಅಂತಿದೆ. ತೊಟ್ಟಿಲಿನ ಮೇಲುಕಟ್ಟಿನ ನೇರ ಕೆಳಗೆ ಮಾತ್ರ ಸಣ್ಣಗೆ ಬೆಳ್ಳಗಿನ ಪುಡಿ. ರಂಗೋಲಿ ಹಿಟ್ಟು ಚೆಲ್ಲಿದೆಯೇನೋ ಅಂತ ಬೆರಳಲ್ಲಿ ಒರೆಸಿ ತಿಕ್ಕಿದೆ. ರಂಗೋಲಿಯಲ್ಲ. ಮೈದಾದಂಥ ನಯ. ಮಗಳನ್ನು ಕರೆದು, ‘ಇಲ್ಲಿ ಯಾವಾಗ ಗುಡ್ಸಿದ್ದು?’ ಅಂತ ಕಿವಿಯಲ್ಲಿ ಕೇಳಿದೆ. ‘ನಾವು ಬಂದ್ಮೇಲೆ ಅತ್ತೆನೇ ಗುಡ್ಸಿ ಒರ್ಸಿದ್ರಲ್ಲವ್ವ, ಈಗ ತಾನೆ’ ಅಂದಳು.

ಕುಟ್ಟೆ ಹುಳ. ಈಗಲೂ ಒಳಗೆ ಕೂತು ತಿನ್ನುತ್ತಾ ಇದೆ. ತೇಗದ ಚೇಗನ್ನು ಕುಟ್ಟೆ ಹೀಗೆ ತಿನ್ನೋದನ್ನು ನಾನು ಎಲ್ಲೂ ನೋಡಿಲ್ಲ. ಹಾಗಾದರೆ ಇದು ತೇಗವೇ ಅಲ್ಲ. ಹಾರವನ್ನು ಸ್ವಲ್ಪ ಸರಿಸಿ ಅಡಿ ಭಾಗ ಸವರಿದೆ. ಪೇಂಟು ಸರಿಯಾಗಿ ತಾಗದ ಆ ಮಗ್ಗುಲಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳು. ಉಗುರಿನಿಂದ ಕೆರೆದರೆ ಬೂದುಬಿಳಿ ಮರ ಪುಡಿಪುಡಿಯಾಗಿ ಬಂತು. ಮಾವು. ಬರೀ ಮಾವಿನ ಹಲಗೆ, ಅದೂ ಒಳಗೆಲ್ಲ ಟೊಳ್ಳು. ಸರಪಳಿಯ ಬಳೆಗಳು ಕೂತಿದ್ದು ಅದೇ ಕಟ್ಟಿನಲ್ಲಿ.

ಅಷ್ಟರಲ್ಲಿ ಅಳಿಯನ ತಂಗಿ ಕೂಸನ್ನು ಎತ್ತಿಕೊಂಡು ಬಂದಳು. ಹೆಸರಿಡೋಳು ಸೋದರತ್ತೆ ತಾನೆ. ಹೆಂಗಸರು ಸೋಬಾನೆ ಎತ್ತಿಕೊಂಡರು.

‘ನಿಲ್ಸಿ!’ ಅಂದೆ.

ಹಾಡು ನಿಂತಿತು. ‘ಈ ತೊಟ್ಲಲ್ಲಿ ಕೂಸ್ ಹಾಕ್ಬ್ಯಾಡಿ. ಕುಟ್ಟೆ ತಿಂದದೆ.’

ಬೀಗಿತ್ತಿಯ ಮುಖ ಕೆಂಪಗಾಯಿತು. ‘ಒಳ್ಳೆ ಗಳಿಗೇಲಿ ಎಂಥಾ ಮಾತಾಡ್ತೀರವ್ವಾ! ನಿಮ್ ತೊಟ್ಲು ಬ್ಯಾಡಾಂದಿದ್ಕೆ ನಮ್ದನ್ನ ಜರೀತೀರಾ? ತ್ಯಾಗ ಕಣಿ ಇದು, ತ್ಯಾಗ!’

‘ತ್ಯಾಗ ಅಲ್ಲ ಕಣಕ್ಕ, ಮಾವು. ತ್ಯಾಗ ಆಗಿದ್ರೆ ನಾನು ಬಾಯ್ ಮುಚ್ಕೊಂಡ್ ಕೂತಿರ್ತಿದ್ದೆ.’

ಯಜಮಾನರು ಹಿಂದಿನಿಂದ ಸೆರಗು ಜಗ್ಗಿದರು. ‘ಬುಡೇ, ಮಾನ ಕಳೀಬ್ಯಾಡ.’ ನೆಂಟರಲ್ಲಿ ಯಾರೋ, ‘ಗುಜರಿಯವ್ರಿಗೆ ತ್ಯಾಗ ಎಂಗ್ ಗೊತ್ತಾದಾತು’ ಅಂದರು, ಕೆಲವರು ಕಿಸಕ್ ಅಂದರು. ಅಳಿಯನ ತಂಗಿ ಕೂಸನ್ನು ಹಿಡಿದುಕೊಂಡು ಹಾಕಲೋ ಬೇಡವೋ ಅಂತ ಅವ್ವನ ಮುಖ ನೋಡುತ್ತಿದ್ದಳು. ಬೀಗಿತ್ತಿ ‘ಆಕು’ ಅಂತ ಕಣ್ಣಲ್ಲೇ ಹೇಳಿದರು. ಅವಳು ಬಗ್ಗಿದಳು.

ಆಗ ನನಗೆ ಬೀಗಸ್ತನವೂ ಬೇಡ, ಮರ್ಯಾದೆಯೂ ಬೇಡ ಅನ್ನಿಸಿತು. ಸೆರಗು ಕಿತ್ತುಕೊಂಡು ಎದ್ದೆ. ‘ಈ ಗುಜರಿಯವ್ಳನ್ನ ತಡೀತದಾ ನೋಡಣ ಮೊದ್ಲು’ ಅಂದು, ಕೂಸಿಗೂ ತೊಟ್ಟಿಲಿಗೂ ನಡುವೆ ನುಗ್ಗಿ, ಎರಡೂ ಕೈಯಲ್ಲಿ ಮೇಲುಕಟ್ಟು ಹಿಡಿದು ಮೈಭಾರವನ್ನೆಲ್ಲ ಬಿಟ್ಟೆ.

ಜೋರಾಗಿ ಸದ್ದೂ ಆಗಲಿಲ್ಲ. ಬಿಸ್ಕತ್ತು ಮುರಿದ ಹಾಗೆ ಕಟ್ಟು ಮುರಿಯಿತು. ಎರಡು ಬಳೆಗಳು ಕಿತ್ತುಬಂದವು, ತೊಟ್ಟಿಲು ಒಂದು ಮಗ್ಗುಲಿಗೆ ಮಗುಚಿಕೊಂಡಿತು. ಒಳಗಿದ್ದ ಮೆತ್ತೆ, ದಿಂಬು, ಮಲ್ಲಿಗೆಯೆಲ್ಲ ಗಾರೆ ನೆಲಕ್ಕೆ ಬಿದ್ದವು. ಮುರಿದ ಕಡೆಯಿಂದ ಪುಡಿ ಬಸಬಸ ಸುರಿಯಿತು. ನಾನೂ ಮಂಡಿಯೂರಿ ಬಿದ್ದೆ.

ಕೂಸು ಕಿರ್ರೋ ಅಂತ ಅಳತೊಡಗಿತು. ಮಗಳು ಓಡಿಬಂದು ನಾದಿನಿಯ ಕೈಯಿಂದ ಅದನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು.

ಬೀಗಿತ್ತಿ ಮುರಿದ ತುಂಡನ್ನು ಎತ್ತಿಕೊಂಡರು. ಒಳಗೆ ಜೇನುಗೂಡಿನ ಹಾಗೆ ಆಗಿತ್ತು. ‘ನಮ್ಮತ್ತೆ ತ್ಯಾಗ ಅಂದಿದ್ರು. ಅಷ್ಟ್ ವರ್ಸ ದೇವ್ರಂಗೆ ಮಡಿಕಂಡಿದ್ನಲ್ಲ’ ಅಂದರು. ಬಯ್ಯಬೇಕು ಅಂತ ಬಾಯಿ ತುಂಬ ಇಟ್ಟುಕೊಂಡಿದ್ದ ಮಾತೆಲ್ಲ ನನಗೆ ಅಲ್ಲೇ ಇಂಗಿಹೋಯಿತು. ಪಾಪ ಅನ್ನಿಸಿತು, ನಿಜವಾಗಲೂ. ಸೊಸೆಯಾಗಿ ಬಂದ ದಿನ ಅತ್ತೆ ಹೇಳಿದ ಮರದ ಹೆಸರನ್ನು ಯಾವ ಸೊಸೆ ತಾನೆ ಕೆರೆದು ನೋಡ್ತಾಳೆ? ಆದರೆ ಪಾಪ ಅಂತ ನಾನು ತಲೆ ತಗ್ಗಿಸಿ ನಿಲ್ಲಲಿಲ್ಲ. ಎದ್ದು ಸೀರೆ ಕೊಡವಿಕೊಂಡು, ಅವರೇನು ಹೇಳ್ತಾರೋ ಅಂತ ಮುಖ ನೋಡುತ್ತಾ ನಿಂತೆ.

ಅವರು ತುಂಡನ್ನು ಕೆಳಗಿಟ್ಟು ಮಗನ ಕಡೆ ತಿರುಗಿದರು. ‘ಗಾಡೀಲಿರೋದ್ನ ತಕಬಾ ಓಗ್ಲಾ.’

ಅಳಿಯನೂ ಯಜಮಾನರೂ ಟಾರ್ಪಾಲು ಬಿಚ್ಚಿ ತೊಟ್ಟಿಲನ್ನು ಹೊತ್ತು ತಂದರು. ಸರಪಳಿ ಬಿಗಿದಿದ್ದು ನಾನೇ, ಬೇರೆ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. ನೆಂಟರು ಸುತ್ತಲೂ ಕತ್ತು ಚಾಚಿ ನೋಡ್ತಿದ್ದರು. ಗುಜರಿ ಅಂತ ಕಿಸಿದವರೂ ನೋಡ್ತಿದ್ದರು. ಮಗಳು ಮುಂದೆ ಬಂದು ಕೂಸನ್ನು ಹಾಕಬೇಕು ಅನ್ನುವಷ್ಟರಲ್ಲಿ ಬೀಗಿತ್ತಿ ‘ತಡಿ’ ಅಂದರು.

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ‘ಇನ್ನೂ ಏನಕ್ಕ? ಹುಣಸೆ ಅಂತಲೇ ಅಂತೀರಾ?’

‘ಉಣ್ಸೆನೇ’ ಅಂದರು, ನನ್ನ ಮುಖಕ್ಕೇ.

‘ಮಳೆಮರ’ ಅಂದೆ ನಾನೂ.

ಅವರು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡರು. ತೊಟ್ಟಿಲಿನ ಮೇಲುಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. ಅಷ್ಟೂ ನೆಂಟರ ಮುಂದೆ, ನನಗಿಂತ ದಪ್ಪಗಿದ್ದ ಆಯಮ್ಮ, ಎರಡೂ ಕಾಲನ್ನು ನೆಲದಿಂದ ಮೇಲೆತ್ತಿ ಅದಕ್ಕೆ ಜೋತುಬಿದ್ದರು. ಸರಪಳಿ ಕಿರ್ ಅಂತು, ತೊಲೆಯ ಧೂಳು ಉದುರಿತು. ಕಟ್ಟು ಮಿಸುಕಲಿಲ್ಲ. ಅವರು ಹಾಗೇ ಒಂದು ಜೀಕೂ ಜೀಕಿ, ಏದುಸಿರು ಬಿಡುತ್ತಾ ಕಾಲು ಊರಿದರು. ಆಮೇಲೆ ಕೈ ಒದರಿಕೊಂಡು ಸೊಸೆಯ ಕಡೆ ಎರಡೂ ಕೈ ಚಾಚಿದರು.

‘ಕೊಡು ಕೂಸ್ನ’ ಅಂದರು.